ಅನ್ನ ಹಾಕಿಸಿಕೊಳ್ಳದ ಊಟ

ತಿಪಟೂರು
ಭಾನುವಾರ, 15-9-2024

ಪ್ರೀತಿಯ ತಿಲಕ್,

ಅಕ್ಕನ ಆಶೀರ್ವಾದಗಳು. ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಲೆಟರ್ ರೈಟಿಂಗ್ ಪಾಠದಲ್ಲಿ ನಮಗೆ ಹಾಗೇ ಹೇಳಿಕೊಟ್ಟಿದ್ದು. ಆದರೆ ಅಷ್ಟೇನೂ ಚೆನ್ನಾಗಿಲ್ಲ. ಬಿ.ಎಸ್ಸಿ. ಫಸ್ಟ್ ಇಯರ್ ಎಂದರೆ ಏನೆಂದು ಬಂದಮೇಲೆ ಗೊತ್ತಾಯಿತು. ಲ್ಯಾಬಿನಲ್ಲಿ ಈಗಾಗಲೇ ಎರಡು ಪಿಪೆಟ್ ಒಡೆದಿದ್ದೇನೆ. ಅಟೆಂಡೆನ್ಸ್ ಕೂಗುವಾಗ ‘ಪ್ರೆಸೆಂಟ್ ಮೇಡಂ’ ಎಂದದ್ದು ಯಾರಿಗೂ ಕೇಳಿಸದೆ, ಕ್ಲಾಸಿನಲ್ಲಿ ಕೂತಿದ್ದೂ ಆಬ್ಸೆಂಟ್ ಹಾಕಿಸಿಕೊಂಡಿದ್ದೇನೆ. ನೀನು ಹೇಗಿದ್ದೀಯ? ಹಾಸ್ಟೆಲಿನ ಬಿಸಿನೀರಿನ ಕ್ಯೂನಲ್ಲಿ ಹತ್ತನೇ ಕ್ಲಾಸಿನವರು ಈಗಲೂ ಖಾಲಿ ಬಕೆಟ್ ಇಟ್ಟು ಜಾಗ ಹಿಡಿಯುತ್ತಾರಾ? ಮುಂದಿನ ವರ್ಷ ನಿನ್ನ ಬಕೆಟ್ ಇರುತ್ತದೆ ಬಿಡು.

ಲೆಟರ್ ಲೇಟಾಯಿತು, ಸಾರಿ. ಇಂಟರ್ನಲ್ಸ್ ಇತ್ತು ಎಂದು ಹೇಳಬಹುದು, ಇತ್ತು ಕೂಡ. ಆದರೆ ನಿಜ ಏನೆಂದರೆ ಬರೆಯುತ್ತಿದ್ದೆ, ಓದುತ್ತಿದ್ದೆ, ಹರಿಯುತ್ತಿದ್ದೆ. ನಿಮ್ಮಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿದ್ದರೆ ಒಂದು ವಾಯ್ಸ್ ಮೆಸೇಜಿನಲ್ಲಿ ಮುಗಿಯುತ್ತಿತ್ತು. ಈ ಕವರನ್ನು ವಾರ್ಡನ್ ಸರ್ ಏನಾದರೂ ಒಡೆದು ಓದುತ್ತಿದ್ದರೆ: ಸರ್, ನಮಸ್ಕಾರ, ನಾನು ನಿಮ್ಮ ಹಳೇ ಸ್ಟೂಡೆಂಟ್ ಭವ್ಯಶ್ರೀ. ಇದು ನಮ್ಮ ಮನೆ ವಿಷಯ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ ಮಡಚಿ ಅವನಿಗೆ ಕೊಟ್ಟುಬಿಡಿ.

ತಿಲಕ್, ಹೋದ ತಿಂಗಳು ಅಮ್ಮ ನಿನ್ನನ್ನು ನೋಡಲು ಬಂದಾಗ ನೀನು ಡಾರ್ಮಿಟರಿಯಿಂದ ಹೊರಗೇ ಬರಲಿಲ್ಲವಂತೆ. ಗೇಟಿನ ಹತ್ತಿರ ಸಂಜೆವರೆಗೆ ಕೂತಿದ್ದು, ಚಕ್ಕುಲಿ ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಬಂದಿದ್ದಾಳೆ. ಗಣೇಶನ ಹಬ್ಬಕ್ಕೂ ನೀನು ಊರಿಗೆ ಬರಲಿಲ್ಲ, ಕಬಡ್ಡಿ ಪ್ರಾಕ್ಟೀಸ್ ಇದೆ ಎಂದು ಪಿ.ಟಿ. ಸರ್ ಕೈಲಿ ಹೇಳಿಸಿದೆ. ಅಮ್ಮ ನಿನ್ನ ಮೇಲೆ ಒಂದು ಮಾತೂ ಆಡಿಲ್ಲ. ನಿನ್ನ ಕಿವಿಗೆ ಆ ವಿಷಯ ಹಾಕಿದವರು ಚಿಕ್ಕಪ್ಪ ಎಂದು ನನಗೆ ಗೊತ್ತು. ‘ನಿಮ್ಮಮ್ಮ ಈ ವಯಸ್ಸಲ್ಲಿ ಮದ್ವೆ ಆಯ್ತಾಳಂತೆ’ ಎಂದು ಅವರು ಹೇಳಿದ ರೀತಿಯೂ ಗೊತ್ತು, ನನಗೂ ಅದೇ ರೀತಿಯಲ್ಲೇ ಹೇಳಿದರು.

ಅಮ್ಮ ಹೇಳಿದ್ದು ಇಷ್ಟು. ‘ನಿಮ್ಮಿಬ್ರಲ್ಲಿ ಒಬ್ರು ಬ್ಯಾಡ ಅಂದ್ರೂ ನಾನು ಮತ್ತೆ ಈ ವಿಷ್ಯ ಎತ್ತಾಕಿಲ್ಲ. ಮುನಿಸ್ಕೊಳೋದೂ ಇಲ್ಲ.’ ಅಂದರೆ ನೀನು ಬೇಡ ಎಂದರೆ ಬೇಡ, ಅಲ್ಲಿಗೆ ಮುಗಿಯಿತು. ನಿನ್ನನ್ನು ಒಪ್ಪಿಸಲು ಬರೆಯುತ್ತಿಲ್ಲ. ಹೋದ ಭಾನುವಾರ ನಾನೊಂದು ನೋಡಿದೆ. ಅದನ್ನು ನೋಡಬೇಕಾದವರು ಇಬ್ಬರಿದ್ದೆವು, ಒಬ್ಬಳೇ ನೋಡಿದ ಹಾಗಾಯಿತು. ಅದಕ್ಕೆ ಬರೆಯುತ್ತಿದ್ದೇನೆ.

ಅವರ ಹೆಸರು ದಯಾನಂದ್. ಹುಳಿಯಾರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ನಮ್ಮ ತೋಟದ ಬೋರ್‌ವೆಲ್ ಮೋಟರ್ ಸುಟ್ಟಾಗ ಬಂದು ಸರಿ ಮಾಡಿದ್ದು ಅವರೇ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ, ಜೊತೆಗೆ ವಯಸ್ಸಾದ ತಾಯಿ. ಮಾತುಕತೆ ನಮ್ಮ ಮನೆಯಲ್ಲಿ ಮಾಡಿದರೆ ಬೀದಿಯೆಲ್ಲಾ ಕಿಟಕಿಗೆ ಬರುತ್ತದೆ, ಹುಳಿಯಾರಿನಲ್ಲೂ ಅದೇ ಕಥೆ. ಹಾಗಾಗಿ ತಿಪಟೂರು. ಚಿಕ್ಕಪ್ಪನನ್ನು ಕರೆದರೆ ‘ನಾನು ಬರಾಕಿಲ್ಲ, ನಿಮ್ಮಿಷ್ಟ’ ಎಂದುಬಿಟ್ಟರು. ಅಮ್ಮ ನನಗೆ ಫೋನ್ ಮಾಡಿ, ‘ನಮ್ಮ ಕಡೆ ಹಿರೇರು ಅಂತ ಯಾರಾದ್ರೂ ಇರ್ಬೇಕಲ್ಲ ಭವ್ಯಾ, ನೀನೇ ಬಾ’ ಎಂದಳು. ನಾನು ಹಿರಿಯಳು! ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹೆದರುವವಳು ನಾನು. ಹಿಂದಿನ ದಿನವೆಲ್ಲಾ ವೈವಾಗೆ ಓದುವ ಹಾಗೆ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದೆ.

ಬಿ.ಎಚ್. ರಸ್ತೆಯಲ್ಲಿ ಹೊಸದಾಗಿ ಆಗಿರುವ ‘ಕಲ್ಪಸಿರಿ ಫ್ಯಾಮಿಲಿ ರೆಸ್ಟೋರೆಂಟ್’. ದಿನಾ ಅದರ ಮುಂದೆಯೇ ಕಾಲೇಜಿಗೆ ಹೋಗುತ್ತೇನೆ, ಒಳಗೆ ಕಾಲಿಟ್ಟಿರಲಿಲ್ಲ. ಗಾಜಿನ ಬಾಗಿಲು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಾನು ನಿಂತಿದ್ದರೆ ಅಮ್ಮ ಸುಮ್ಮನೆ ತಳ್ಳಿಕೊಂಡು ಒಳಗೆ ಹೋದಳು. ಒಳಗೆ ಏನು ತಂಪು ಅಂತೀಯ! ಮೇಲಿಂದ ಹಳದಿ ದೀಪಗಳು ಒಂದೊಂದು ಟೇಬಲ್ ಮೇಲೂ ಬೇರೆ ಬೇರೆಯಾಗಿ ಬಿದ್ದಿದ್ದವು. ಪಕ್ಕದ ಟೇಬಲ್ಲಿಗೆ ಒಂದು ದೋಸೆ ಬಂತು. ತಟ್ಟೆಯ ಆಚೆಗೂ ಈಚೆಗೂ ಒಂದೊಂದು ಗೇಣು ಚಾಚಿತ್ತು, ಅದರ ಹಿಂದೆ ಕೂತಿದ್ದ ಮಗುವಿನ ಮುಖವೇ ಕಾಣುತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡು ನೋಡಿದೆ. ಅಲ್ಲಿ ಯಾರೂ ಬೆಲ್ ಹೊಡೆಯುತ್ತಿರಲಿಲ್ಲ, ಯಾರೂ ಲೈನ್ ನಿಂತಿರಲಿಲ್ಲ. ಜನ ಕೂತ ಕಡೆಗೇ ಊಟ ಬರುತ್ತಿತ್ತು. ಏಳು ವರ್ಷ ತಟ್ಟೆ ಹಿಡಿದು ನಿಂತ ನನಗೆ ಇದು ಎಷ್ಟು ವಿಚಿತ್ರವಾಗಿ ಕಂಡಿತೆಂದು ನಿನಗೊಬ್ಬನಿಗೇ ಅರ್ಥವಾಗುವುದು.

ದಯಾನಂದ್ ಅವರೂ ಅವರ ತಾಯಿ ಚಿಕ್ಕಗೌರಮ್ಮನವರೂ ಮೊದಲೇ ಬಂದು ಕೂತಿದ್ದರು. ದಯಾನಂದ್ ಎದ್ದು ನಿಂತು ನನಗೆ ಕೈ ಮುಗಿದರು. ನನಗೆ, ತಿಲಕ್! ನಾನು ‘ಗುಡ್ ಆಫ್ಟರ್‌ನೂನ್ ಸರ್’ ಎಂದೆ. ಅಜ್ಜಿ ನನ್ನನ್ನು ಕೆಳಗಿನಿಂದ ಮೇಲೆ ನೋಡಿ, ‘ಇದೇನವ್ವಾ ವನಜಾಕ್ಷಿ, ಹಿರೇರು ಬತ್ತಾರೆ ಅಂದಿದ್ದೆ, ಮಗೀನ ಕರ್ಕೊಂಡ್ ಬಂದಿದ್ದೀಯಾ’ ಎಂದರು. ಅಮ್ಮ ‘ಅವ್ಳೇ ನಮ್ಮ ಹಿರೇರು ಕಣವ್ವ’ ಎಂದಳು. ಅಜ್ಜಿ ನನ್ನ ಕಡೆ ತಿರುಗಿದರು. ‘ಅಂಗಾದ್ರೆ ಕೇಳ್ಬುಡವ್ವಾ, ಏನೇನ್ ಕೇಳ್ಬೇಕೋ. ನನ್ ಮಗ ಓಡಿ ಹೋಗಾಕಿಲ್ಲ, ಬೈಕ್ ಕೀ ನನ್ನತ್ರ ಐತೆ.’

ಬಾಯಿಪಾಠ ಮಾಡಿದ್ದೆಲ್ಲಾ ಹಾರಿಹೋಗಿ ನನ್ನ ಬಾಯಿಗೆ ಬಂದದ್ದು ‘ನಿಮ್ಮ ಹಾಬೀಸ್ ಏನು?’

ಅವರು ನಗಲಿಲ್ಲ. ನಿಜವಾಗಿಯೂ ಯೋಚನೆ ಮಾಡಿದರು. ‘ಹಾಬಿ ಅಂದ್ರೆ... ಮೋಟ್ರು ರಿಪೇರಿ ಮಾಡಿ ಇಳಿಬುಟ್ಟ ಮೇಲೆ ಸ್ವಿಚ್ ಹಾಕ್ತಾರಲ್ಲವ್ವಾ, ಆಗ ಮೊದ್ಲು ಬರೀ ಗಾಳಿ ಬತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಆ ತಿಳಿ ಬರೋಗಂಟ ನಿಂತ್ಕೊಂಡು ನೋಡ್ತೀನಿ. ಕೆಲ್ಸ ಮುಗ್ದಿರ್ತದೆ, ಹೋಗ್ಬೋದು. ಆದ್ರೂ ನಿಂತ್ಕೊತೀನಿ.’

‘ಡ್ರಿಂಕ್ಸ್?’ ಎಂದೆ.

‘ಬುಟ್ಟು ಬಾಳ ವರ್ಷಾಯ್ತು.’

‘ಯುಗಾದೀಲಿ ಕುಡ್ದಿದ್ಯಲ್ಲಾ’ ಎಂದರು ಅಜ್ಜಿ.

‘ಯುಗಾದಿ ಲೆಕ್ಕಕ್ಕಿಲ್ಲ ಸುಮ್ಕಿರವ್ವ.’

‘ಯಾಕಿಲ್ಲ? ವರ್ಷ ಶುರುವಾಗಾದೇ ಯುಗಾದೀಲಿ ಕಣ್ಲಾ.’

ಅಮ್ಮ ನಕ್ಕಳು. ಸೀರೆ ಸೆರಗು ಬಾಯಿಗೆ ಹಿಡಿದು ನಗುವ ನಗು ಅಲ್ಲ. ಟೇಬಲ್ ಮೇಲೆ ಎರಡೂ ಕೈ ಊರಿಕೊಂಡು, ತಲೆ ಹಿಂದಕ್ಕೆ ಹಾಕಿ ನಕ್ಕಳು. ಅಷ್ಟು ಹಲ್ಲು ಅಮ್ಮನಿಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಪ್ಲೈಯರ್ ಬಂದು ಮೆನು ಕಾರ್ಡನ್ನು, ಯಾಕೋ ಏನೋ, ನನ್ನ ಕೈಗೇ ಕೊಟ್ಟ. ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ತಂದೂರ್, ಪುಟ ತಿರುಗಿಸಿದಷ್ಟೂ ಇತ್ತು. ಕಣ್ಣು ಕತ್ತಲೆ ಬಂತು. ಗಂಟೆ ಒಂದು ದಾಟಿತ್ತು, ಆ ಹೊತ್ತಿಗೆ ನನ್ನ ಹಾಸ್ಟೆಲ್ ತಲೆಗೆ ಬರುವುದು ಒಂದೇ. ‘ನಾಲ್ಕು ಊಟ’ ಎಂದೆ. ಅವನು ಬರೆದುಕೊಂಡು ಹೋದ. ನನ್ನ ಧ್ವನಿ ಜೋರಾಗಿ ಹೊರಟಿತು ಎಂದು ಖುಷಿಪಡುತ್ತಾ ತಲೆ ಎತ್ತಿದರೆ ಅಮ್ಮ ನೀರಿನ ಲೋಟ ನೋಡುತ್ತಿದ್ದಳು. ದಯಾನಂದ್ ಅವರ ಕಿವಿ ಕೆಂಪಾಗಿತ್ತು.

ಅಜ್ಜಿ ನನ್ನ ಕೈ ಹಿಡಿದುಕೊಂಡರು. ‘ಅಯ್ಯೋ ನನ್ ಕೂಸೇ, ಊಟ ಹೇಳ್ಬುಟ್ಟೆಯಲ್ಲೇ.’

‘ಯಾಕೆ ಅಜ್ಜಿ? ಚೆನ್ನಾಗಿರಲ್ವಾ ಇಲ್ಲಿ?’

ಆಗ ಅಮ್ಮ ಮೆಲ್ಲಗೆ ಹೇಳಿದಳು. ನಿನಗೂ ಗೊತ್ತಿರಲಾರದು, ಹಾಸ್ಟೆಲ್ ಸೇರಿದ ಮೇಲೆ ನಾವಿಬ್ಬರೂ ಯಾರ ಮನೆ ಶಾಸ್ತ್ರಕ್ಕೆ ಹೋಗಿದ್ದೇವೆ? ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನಬಹುದು, ಕೇಸರಿಬಾತ್ ತಿನ್ನಬಹುದು, ಕಾಫಿ ಕುಡಿಯಬಹುದು. ಅನ್ನ ಮಾತ್ರ ಮುಟ್ಟುವಂತಿಲ್ಲ. ಹೆಣ್ಣಿನ ಕಡೆಯ ಹಿರಿಯರು ಊಟಕ್ಕೆ ಏಳಿ ಎಂದರೆ, ಗಂಡಿನ ಕಡೆಯವರು ಕೂತು ಅನ್ನ ಉಂಡರೆ, ಸಂಬಂಧ ಆಯಿತು ಎಂದರ್ಥ. ಆಮೇಲೆ ಹಿಂದೆ ಸರಿಯುವ ಹಾಗಿಲ್ಲ. ನಾನು ಮೆನು ಕಾರ್ಡ್ ನೋಡಿಕೊಂಡು ಅಮ್ಮನನ್ನು ಮದುವೆ ಮಾಡಿ ಕೊಟ್ಟುಬಿಟ್ಟಿದ್ದೆ!

ನನಗೆ ಅಳು ಬಂತು. ಸೀರಿಯಸ್ಲಿ, ಮೂಗು ಸೋರಿತು. ‘ಕ್ಯಾನ್ಸಲ್ ಮಾಡಿಸ್ತೀನಿ’ ಎಂದು ಎದ್ದೆ. ಅಷ್ಟರಲ್ಲಿ ನಾಲ್ಕು ಸ್ಟೀಲ್ ತಟ್ಟೆ ಬಂದೇಬಿಟ್ಟವು. ಸುತ್ತ ಸಣ್ಣ ಸಣ್ಣ ಬಟ್ಟಲುಗಳು: ಪಲ್ಯ, ಸಾಗು, ಸಾಂಬಾರು, ರಸಂ, ಮಜ್ಜಿಗೆಹುಳಿ, ಮೊಸರು, ಪಾಯಸ. ನಡುವೆ ಎರಡು ಪೂರಿ, ಮೇಲೊಂದು ಹಪ್ಪಳ. ‘ವಾಪಸ್ ತಗೊಳ್ರಣ್ಣ’ ಎಂದೆ. ‘ಇಟ್ಟಿದ್ದನ್ನ ತಗೊಳಲ್ಲ ಮೇಡಂ’ ಎಂದ ಅವನು.

ದಯಾನಂದ್ ಅವರು ‘ಕೂತ್ಕೊಳವ್ವ, ಏನಾಗಿಲ್ಲ. ನಂಗೊಂದು ಕಾಫಿ ಸಾಕು’ ಎಂದು ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಬೆಳಿಗ್ಗೆ ಯಾವುದೋ ತೋಟದಲ್ಲಿ ಮೋಟರ್ ಎತ್ತಿಸಿ ಹಾಗೇ ಬಂದಿದ್ದರಂತೆ, ಸಾಂಬಾರಿನ ವಾಸನೆಗೆ ಅವರ ಹೊಟ್ಟೆ ಗುರ್ ಎಂದದ್ದು ನನಗೇ ಕೇಳಿಸಿತು. ಅಮ್ಮನೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಅಷ್ಟು ಊಟ ಮುಂದಿಟ್ಟುಕೊಂಡು ಯಾರೂ ಮುಟ್ಟದೆ ಕೂತೆವು.

ಕೊನೆಗೆ ಅಜ್ಜಿಯೇ ಬಾಯಿ ತೆಗೆದದ್ದು. ‘ನೋಡ್ರಪ್ಪ, ನಂಗೆ ಸಕ್ರೆ ಕಾಯ್ಲೆ ಐತೆ, ಮಾತ್ರೆ ನುಂಗಿ ಬಂದೀನಿ. ಉಣ್ದಿದ್ರೆ ಇಲ್ಲೇ ಬಿದ್ದೋಯ್ತೀನಿ. ಈಗ ಹೇಳಿ, ಪೂರಿ ಅನ್ನೋದು ಊಟಾನಾ ತಿಂಡೀನಾ?’

ಅಜ್ಜಿಯೇ ಒಂದು ಪೂರಿ ಎತ್ತಿ ತೋರಿಸಿದರು.

‘ಬೆಳಿಗ್ಗೆ ಓಟ್ಲಲ್ಲಿ ಪೂರಿ ತಿಂದ್ರೆ ಏನಂತೀರಾ? ತಿಂಡಿ ಅಂತೀರಾ. ಅಂಗಾದ್ರೆ ತಿಂಡಿ. ಪಲ್ಯ? ಪೂರಿ ಜೊತೇದು, ಅದೂ ತಿಂಡಿ. ಹಪ್ಪಳ ಯಾವ ಲೆಕ್ಕಾನೂ ಅಲ್ಲ. ಪಾಯ್ಸ...’

‘ಅವ್ವಾ, ಸಕ್ರೆ ಕಾಯ್ಲೆ’ ಎಂದರು ದಯಾನಂದ್.

‘ಶುಭಕಾರ್ಯದ ಪಾಯ್ಸಕ್ಕೆ ಸಕ್ರೆ ಇರಾಕಿಲ್ಲ ಬುಡ್ಲಾ. ಅನ್ನ ಒಂದು ಮುಟ್ದಿದ್ರೆ ಆಯ್ತು.’

ಅಮ್ಮ ಮತ್ತೆ ನಕ್ಕಳು, ಈ ಸಲ ನಾನೂ. ಎಲ್ಲರೂ ಪೂರಿಗೆ ಕೈ ಹಾಕಿದೆವು. ಇನ್ನು ಬರೆಯುವುದು ಚಿಕ್ಕ ವಿಷಯ, ನಿಧಾನವಾಗಿ ಓದು. ಅಮ್ಮ ಉಬ್ಬಿದ ಪೂರಿಯ ನೆತ್ತಿಗೆ ಬೆರಳಿನಿಂದ ಒಂದು ತೂತು ಮಾಡಿದಳು. ಒಳಗಿನ ಹಬೆ ಹೊರಗೆ ಬಂತು. ಆ ಹಬೆಗೆ ಮುಖ ಒಡ್ಡಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಅಂಚಿನಿಂದ ಮುರಿದು, ಸಾಗುವಿನಲ್ಲಿ ಅದ್ದಿ, ಅವಸರವಿಲ್ಲದೆ ತಿಂದಳು. ದಿನಾ ಅಂಗನವಾಡಿಯಲ್ಲಿ ಅಷ್ಟು ಮಕ್ಕಳಿಗೆ ಬಡಿಸುತ್ತಾಳೆ, ಮನೆಗೆ ಬಂದರೆ ನಮಗೆ ಬಡಿಸುತ್ತಾಳೆ. ಅವಳು ಕೂತು ತಿನ್ನುವುದನ್ನು ನೀನು ಯಾವಾಗ ನೋಡಿದ್ದೀಯ? ನಾನು ನೋಡಿಯೇ ಇಲ್ಲ. ಹದಿನೆಂಟು ವರ್ಷದವಳು, ನನ್ನ ತಾಯಿಗೆ ಪೂರಿ ಇಷ್ಟ ಎಂದು ಆವತ್ತು ತಿಳಿದುಕೊಂಡೆ. ಒಂದು ಸಲ ಅಭ್ಯಾಸಬಲದಿಂದ ಎದ್ದು ಜಗ್ ಹಿಡಿದು ಎಲ್ಲರ ಲೋಟಕ್ಕೂ ನೀರು ಹಾಕಲು ಹೊರಟಳು. ದಯಾನಂದ್ ಅವರು ‘ಕೂತ್ಕಳಿ ಟೀಚರ್ರೇ, ಇಲ್ಲಿ ಬೇರೇರ್ ಅವ್ರೆ ಅದಕ್ಕೆ’ ಎಂದರು. ಅಮ್ಮ ಕೂತಳು. ಕೂತು, ಸಪ್ಲೈಯರನ್ನು ಕರೆದು, ‘ಇನ್ನೆರಡು ಪೂರಿ, ಬಿಸಿದು’ ಎಂದಳು. ಯಾವುದೋ ರಾಣಿಯ ಪಕ್ಕ ಕೂತ ಹಾಗಾಯಿತು ನನಗೆ.

ಆಮೇಲೆ ಅನ್ನ ಬಂತು. ಸಪ್ಲೈಯರ್ ಹೊಗೆಯಾಡುವ ಪಾತ್ರೆ ಹಿಡಿದು ಮೊದಲು ದಯಾನಂದ್ ಅವರ ಹತ್ತಿರವೇ ನಿಂತು, ಸೌಟು ತುಂಬಿಕೊಂಡು ‘ಅನ್ನ ಹಾಕ್ಲಾ ಸಾರ್?’ ಎಂದ. ಅವರು ಅಮ್ಮನನ್ನು ನೋಡಿದರು. ಅಮ್ಮ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಕೇಳಿಕೆ ಇರಲಿಲ್ಲ ತಿಲಕ್, ಬಲವಂತ ಇರಲಿಲ್ಲ. ನಾನು ಏನು ಹೇಳಿದರೂ ಕೇಳುತ್ತೇನೆ ಎನ್ನುವ ಹಾಗೆ ಸುಮ್ಮನೆ ನೋಡಿದಳು, ಚಿಕ್ಕ ಮಕ್ಕಳು ಅವಳನ್ನು ನೋಡುವ ಹಾಗೆ. ನಾನು ‘ಹಾಕಿ’ ಎಂದೆ. ಹೌದು, ಎಂದುಬಿಟ್ಟೆ. ಈ ಸಲ ಗೊತ್ತಿದ್ದೇ ಎಂದೆ.

ಸೌಟು ಬಗ್ಗಿತು. ದಯಾನಂದ್ ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. ಬಿಸಿ ಅಗುಳು ಒಂದಿಷ್ಟು ಅವರ ಕೈ ಮೇಲೇ ಬಿತ್ತು, ಕೈ ಎಳೆದುಕೊಳ್ಳಲಿಲ್ಲ.

‘ಬ್ಯಾಡ ಕಣವ್ವ’ ಎಂದರು ನನಗೆ. ‘ನಿಮ್ಮನೇಲಿ ಇನ್ನೊಂದು ತಟ್ಟೆ ಐತೆ. ಆ ತಟ್ಟೆಯವ್ನು ಬಂದು ಕೂತು ಹೇಳ್ಲಿ. ಹೂಂ ಅಂದ್ರೂ ಸರಿ, ಬ್ಯಾಡ ಅಂದ್ರೂ ಸರಿ. ಅವ್ನಿಲ್ದೆ ನಾನು ಉಂಡ್ರೆ ಕದ್ದು ಉಂಡಂಗಾಯ್ತದೆ.’

ಸಪ್ಲೈಯರಿಗೆ ತಲೆಬುಡ ಅರ್ಥವಾಗಲಿಲ್ಲ. ‘ಉಪವಾಸನಾ ಸಾರ್?’

‘ಹೂಂ ಕಣಪ್ಪ, ಒಂಥರಾ.’

ಅಮ್ಮ ತನ್ನ ತಟ್ಟೆಗೂ ಬೇಡ ಎಂದಳು. ಅಜ್ಜಿ ಪಾತ್ರೆ ಹೋದ ದಾರಿಯನ್ನೇ ಆಸೆಯಿಂದ ನೋಡಿ, ‘ಬಿಸಿ ಅನ್ನ ಕಣ್ಲಾ, ಹುಡುಗ ಬ್ಯಾಗ ಬರ್ಲಿ’ ಎಂದರು.

ಎಲ್ಲಾ ಮುಗಿದ ಮೇಲೆ ನಾನು ತಟ್ಟೆ ಎತ್ತಿಕೊಂಡು ನಿಂತುಬಿಟ್ಟೆ, ತೊಳೆಯಲು ನಲ್ಲಿ ಎಲ್ಲಿದೆ ಎಂದು ಹುಡುಕುತ್ತಾ. ಇಡೀ ಹೋಟೆಲ್ ನೋಡಿತು. ನೀನಿದ್ದರೆ ನೀನೂ ಎತ್ತಿಕೊಳ್ಳುತ್ತಿದ್ದೆ, ಸುಮ್ಮನೆ ನಗಬೇಡ. ಹೊರಗೆ ಬಂದಮೇಲೆ ಅಮ್ಮ ಊರಿಗೆ ಹೋಗಲು ಅರಳಗುಪ್ಪೆ ಕಡೆಯ ಬಸ್ ಹತ್ತಿದಳು. ಅವರು ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಆ ಸುಟ್ಟ ಕೈಯನ್ನು ಒಂದು ಸಲವೂ ನೋಡಿಕೊಳ್ಳಲಿಲ್ಲ.

ನಾನು ಹಾಸ್ಟೆಲಿಗೆ ಬಂದು ರಾತ್ರಿಯ ಊಟಕ್ಕೆ ಲೈನಿನಲ್ಲಿ ನಿಂತೆ. ತಟ್ಟೆಗೆ ಅನ್ನ ಬಿದ್ದಾಗ ಒಂದು ನಿಮಿಷ ಹಾಗೇ ನಿಂತೆ, ಹಿಂದಿನವಳು ತಳ್ಳುವವರೆಗೂ. ಒಂದು ಸೌಟು ಅನ್ನವನ್ನು ದೊಡ್ಡವರಿಬ್ಬರು ಅಷ್ಟು ದೊಡ್ಡದಾಗಿ ನಡೆಸಿಕೊಂಡಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ನಿನ್ನ ಹೆಸರಿಗಾಗಿ, ತಿಲಕ್. ನಿನ್ನನ್ನು ನೋಡಿಯೇ ಇಲ್ಲದ ಮನುಷ್ಯ.

ದಸರಾ ರಜೆಗೆ ಬಾ. ಬಂದು ಆ ಟೇಬಲ್ಲಿನಲ್ಲಿ ಕೂತು ಬೇಡ ಎನ್ನಬೇಕಾದರೆ ಬೇಡವೆನ್ನು, ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ. ಡಾರ್ಮಿಟರಿಯೊಳಗಿಂದ ಮಾತ್ರ ಬೇಡ ಎನ್ನಬೇಡ. ಕಬಡ್ಡಿಯಲ್ಲಿ ಮಂಡಿ ಜೋಪಾನ. ಸ್ವೆಟರ್ ಕೇಳಿದ್ದೆಯಲ್ಲಾ, ಅಮ್ಮ ತೆಗೆದಿಟ್ಟಿದ್ದಾಳೆ. ಚೆನ್ನಾಗಿ ಓದು, ಹೊಟ್ಟೆ ತುಂಬಾ ತಿನ್ನು, ಯಾರ ಮೇಲೂ ಸಿಟ್ಟು ಮಾಡಿಕೊಂಡು ಊಟ ಬಿಡಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಭವ್ಯಶ್ರೀ

ವಿ.ಸೂ.: ಒಂದು ವಿಷಯ ಮೇಲೆ ಬರೆಯಲು ಆಗಲಿಲ್ಲ. ಪಾಯಸ ಕುಡಿಯುವಾಗ ಅಜ್ಜಿ ನನ್ನನ್ನು, ‘ನಿಮ್ಮಪ್ಪಾರಿಗೂ ಸಿಹಿ ಅಂದ್ರೆ ಆಸೆನಾ ಕೂಸೇ?’ ಎಂದು ಕೇಳಿದರು. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ನನಗೆ ಗೊತ್ತಿರಲಿಲ್ಲ. ಅಮ್ಮನೇ ‘ಇಲ್ಲ ಕಣವ್ವ, ಅವ್ರು ಸಿಹಿ ಪಕ್ಕಕ್ಕಿಟ್ಟು ಮೊದ್ಲು ಉಪ್ಪಿನಕಾಯಿ ಕೇಳೋರು’ ಎಂದಳು. ನಾನು ಯಾರೋ ಬೇರೆಯವರ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಂಡೆ. ಆವತ್ತಿನಿಂದ ಕಣ್ಣು ಮುಚ್ಚಿ ನೋಡುತ್ತಿದ್ದೇನೆ. ಅಪ್ಪನ ಚಪ್ಪಲಿ ಬರುತ್ತದೆ, ಶರ್ಟಿನ ಕೊಬ್ಬರಿ ವಾಸನೆ ಬರುತ್ತದೆ, ಊಟಕ್ಕೆ ಕೂತ ಅಪ್ಪ ಬರುವುದೇ ಇಲ್ಲ. ಅವರು ಕೊಬ್ಬರಿ ಮಂಡಿಯಿಂದ ಬರುವಷ್ಟರಲ್ಲಿ ನಾನು ಉಂಡು ಮಲಗಿರುತ್ತಿದ್ದೆ, ಆಮೇಲೆ ಹಾಸ್ಟೆಲ್ ಸೇರಿದೆ, ಮಾರನೇ ವರ್ಷ ಅವರೇ ಇಲ್ಲ. ನೀನು ಹಠ ಮಾಡಿ ಎಚ್ಚರ ಇದ್ದು ಅವರ ತಟ್ಟೆಯಲ್ಲೇ ಉಣ್ಣುತ್ತಿದ್ದೆಯಂತೆ. ನೀನು ಸಿಟ್ಟು ಮಾಡಿಕೊಳ್ಳಬಹುದು, ನಿನ್ನ ಹತ್ತಿರ ಅಪ್ಪ ಇದ್ದಾರೆ. ನಾನು ಸಿಟ್ಟಾಗಲಿಕ್ಕೂ ನನ್ನ ಹತ್ತಿರ ಏನೂ ಇಲ್ಲ. ಅದಕ್ಕೇ ನನಗೆ ಅಷ್ಟು ಸುಲಭವಾಗಿ ‘ಹಾಕಿ’ ಎನ್ನಲು ಬಂತೇನೋ ಎಂದು ಭಯ. ಅಮ್ಮನಿಗೆ ಕೊಡುವ ಉತ್ತರ ನಿನ್ನಿಷ್ಟ. ನನಗೆ ಮಾತ್ರ ಇದನ್ನು ಬರಿ: ಅಪ್ಪ ಹೇಗೆ ಊಟ ಮಾಡುತ್ತಿದ್ದರು? ಯಾವ ಕಡೆ ಮುಖ ಮಾಡಿ ಕೂರುತ್ತಿದ್ದರು, ನಿನಗೆ ತುತ್ತು ಕೊಡುವಾಗ ಏನೆನ್ನುತ್ತಿದ್ದರು? ಚಿಕ್ಕದಾದರೂ ಪರವಾಗಿಲ್ಲ. ಇನ್ನೊಂದು ಸಲ ಆ ಸೌಟು ಬಂದಾಗ ನಾನು ಅಪ್ಪನನ್ನು ಒಂದು ಸಲವಾದರೂ ನೋಡಿ ಹೇಳಬೇಕು.